ಖಾಸ, ಖಾಸಗಿ, ಖಾಸಗಿತನ

ಗುಡೇಕೋಟೆ, ಕೂಡ್ಲಿಗಿ, ಕೊಟ್ಟೂರು ಕಡೆ ಒಬ್ಬರನ್ನು ತೋರಿಸಿ ‘ಇವ ನಮ್ಮ ಖಾಸ ಅಣ್ಣ’ ಅಂದರೆ ಕೇಳುವವರು ಮತ್ತೊಂದು ಪ್ರಶ್ನೆ ಕೇಳುವುದಿಲ್ಲ. ದೊಡ್ಡಪ್ಪನ ಮಗನಲ್ಲ, ಊರ ವರಸೆಯಲ್ಲಿ ಅಣ್ಣನಾದವನೂ ಅಲ್ಲ. ಒಂದೇ ಹೊಟ್ಟೆಯಲ್ಲಿ ಹುಟ್ಟಿದವ. ಅದೇ ಮಂದಿ ಬಸ್ ಸ್ಟ್ಯಾಂಡಿನಲ್ಲಿ ನಿಂತು ‘ಸರಕಾರಿ ಬಸ್ ಹೋತು, ಇನ್ನ ಖಾಸಗಿನೇ ಗತಿ’ ಅನ್ನುತ್ತಾರೆ. ಆ ಬಸ್ಸಿನ ಮಾಲೀಕ ಯಾರೆಂದು ಯಾರಿಗೂ ಗೊತ್ತಿಲ್ಲ, ಟಿಕೀಟಿನ ದುಡ್ಡು ಕೊಟ್ಟವರನ್ನೆಲ್ಲ ಅದು ಹತ್ತಿಸಿಕೊಳ್ಳುತ್ತದೆ. ಒಡಹುಟ್ಟಿದವನಿಗೂ ಅದೇ ಪದ, ಗುರುತಿಲ್ಲದವನ ಬಸ್ಸಿಗೂ ಅದೇ ಪದ. ಈಚೆಗೆ ಮೂರನೆಯ ಕೆಲಸವೊಂದು ಅದರ ತಲೆಗೆ ಬಿದ್ದಿದೆ. ಹೆಸರು, ಫೋನ್ ನಂಬರು, ಜಾತಿ, ಬ್ಯಾಂಕ್ ಖಾತೆ, ಬೆರಳಚ್ಚು ಇವಿಷ್ಟನ್ನೂ ಸೇರಿಸಿ ‘ಖಾಸಗಿ ಮಾಹಿತಿ’ ಎನ್ನುತ್ತಿದ್ದೇವೆ. ಹತ್ತು ಇಲಾಖೆಗಳು ಒಟ್ಟಿಗೆ ಕೂತು ತೆರೆದು ನೋಡುವ, ತಿದ್ದುವ ತಂತ್ರಾಂಶದೊಳಗೆ ಇರುವುದೂ ಇದೇ ಮಾಹಿತಿ.

ಪದ ಅರಬ್ಬಿಯದು. ‘ಖಾಸ್’ ಅಂದರೆ ವಿಶೇಷವಾದದ್ದು, ಉಳಿದವುಗಳಿಂದ ಬೇರೆ ಮಾಡಿ ಇಟ್ಟದ್ದು. ಹುಟ್ಟಿದ ಮನೆಯಲ್ಲಿ ಅದಕ್ಕೆ ಒಂದು ಜೋಡಿಯಿತ್ತು: ‘ಆಮ್’, ಅಂದರೆ ಎಲ್ಲರದು. ದಿಲ್ಲಿಯ ಕೆಂಪುಕೋಟೆಯಲ್ಲಿ ಈ ಜೋಡಿ ಕಲ್ಲಿನಲ್ಲೇ ನಿಂತಿದೆ. ದಿವಾನ್-ಇ-ಆಮ್‌ನಲ್ಲಿ ಪ್ರಜೆ ನಿಂತು ಅಹವಾಲು ಹೇಳಬಹುದಿತ್ತು; ದಿವಾನ್-ಇ-ಖಾಸ್‌ಗೆ ಕರೆದವರಷ್ಟೇ. ಪಾರಸಿಯಲ್ಲಿ ‘ಗೀ’ ಪ್ರತ್ಯಯ ಹತ್ತಿಕೊಂಡು, ಮರಾಠಿಯಲ್ಲಿ ‘ಖಾಸ್ಗೀ’ ಆಗಿ, ಕನ್ನಡಕ್ಕೆ ‘ಖಾಸಗಿ’ ಆಗಿ ಬಂತು. ಬರುವಾಗ ಜೋಡಿಯನ್ನು ದಾರಿಯಲ್ಲೇ ಬಿಟ್ಟು ಬಂತು. ‘ಆಮ್’ ಕನ್ನಡದಲ್ಲಿ ನೆಲೆಗೊಳ್ಳಲಿಲ್ಲ. ಹಾಗಾಗಿ ಒಂಟಿಯಾದ ಖಾಸಗಿ ಎದುರಿಗೆ ಸಿಕ್ಕವರನ್ನೆಲ್ಲ ಜೋಡಿ ಮಾಡಿಕೊಂಡಿತು. ಬಸ್ಸಿನ ಮಾತಿನಲ್ಲಿ ಎದುರಿಗೆ ‘ಸರಕಾರಿ’ ನಿಂತಿದೆ. ಬದುಕಿನ ಮಾತಿನಲ್ಲಿ ‘ಸಾರ್ವಜನಿಕ’. ಅಣ್ಣತಮ್ಮಂದಿರ ಮಾತಿನಲ್ಲಿ ‘ವರಸೆಯವ’. ಈ ಪದದ ಅರ್ಥ ಅದರೊಳಗೆ ಇಲ್ಲ, ಅದರ ಎದುರಿಗೆ ಯಾರು ನಿಂತಿದ್ದಾರೆ ಎಂಬುದರಲ್ಲಿದೆ. ಮುಂದಿನ ಕತೆಯೆಲ್ಲ ಎದುರಾಳಿ ಬದಲಾದ ಕತೆ.

ಬಳ್ಳಾರಿ ಸೀಮೆಗೆ ಇಂಥ ಪದಗಳು ಹೊಸವಲ್ಲ. ಬಹಮನಿ, ಆದಿಲಶಾಹಿ, ಮರಾಠರು, ಹೈದರ್-ಟಿಪ್ಪು, ನಿಜಾಮ ಹೀಗೆ ಒಬ್ಬರಾದ ಮೇಲೆ ಒಬ್ಬರು ಇಲ್ಲಿಯ ಕಂದಾಯಕ್ಕೆ ಕೈಚಾಚಿದವರು. ಗುಡೇಕೋಟೆ, ಜರಿಮಲೆ, ಹರಪನಹಳ್ಳಿಯ ಪಾಳೆಯಗಾರರು ಇವರಿಗೆ ಒಮ್ಮೆ ಕಪ್ಪ ಕೊಟ್ಟು, ಒಮ್ಮೆ ಕೊಡದೆ ಕೋಟೆ ಹತ್ತಿ ಕೂತು ದಿನ ನೂಕಿದರು. 1800ರಲ್ಲಿ ನಿಜಾಮ ಈ ಸೀಮೆಯನ್ನು ಕಂಪನಿಗೆ ಬಿಟ್ಟುಕೊಟ್ಟ. ದತ್ತಮಂಡಲ ಎಂಬ ಹೆಸರು ಬಂದದ್ದು ಆಗ. 1807ರವರೆಗೆ ಇಲ್ಲಿ ಕಲೆಕ್ಟರನಾಗಿದ್ದ ಥಾಮಸ್ ಮನ್ರೋ ಪಾಳೆಯಗಾರರ ಅಧಿಕಾರ ಕಿತ್ತು, ಹೊಲ ಹೊಲ ಅಳೆಸಿ, ರೈತನ ಹೆಸರನ್ನೇ ನೇರವಾಗಿ ಸರಕಾರದ ಲೆಕ್ಕಕ್ಕೆ ಹತ್ತಿಸಿದ. ಒಬ್ಬ ಸಾಮಾನ್ಯ ರೈತನ ಹೆಸರು, ಹೊಲ, ಬೆಳೆ, ಬಾಕಿ ಒಂದೇ ಸಾಲಿನಲ್ಲಿ ಸರಕಾರದ ಕೈಸೇರಿದ್ದನ್ನು ಈಗಿನ ಭಾಷೆಯಲ್ಲಿ ‘ಪ್ರೊಫೈಲ್’ ಅನ್ನಬಹುದು. ತಹಶೀಲ್ದಾರ, ಜಮಾಬಂದಿ, ಜಪ್ತಿ, ಬಾಕಿ, ವಸೂಲಿ ಎಂಬ ಪದಗಳು ಕಚೇರಿಯಿಂದ ಹೊರಟು ಊರ ಚಾವಡಿಯವರೆಗೆ ಬಂದು ನಿಂತವು. ‘ಖಾಸ’ ಮಾತ್ರ ಹೊಸ್ತಿಲು ದಾಟಿ ಅಡುಗೆಮನೆಗೆ ಹೋಗಿ, ಒಡಹುಟ್ಟಿದವರ ಮಧ್ಯೆ ಕೂತಿತು. ಅರಸರ ಪದವೊಂದು ಇಷ್ಟು ಒಳಗೆ ಹೋದದ್ದು ಅಪರೂಪ.

ಅರಸರ ಪದವೆಂದೆ. ಅದು ನಿಜಕ್ಕೂ ಅರಸರದೇ. ಹೋಳ್ಕರರ ಇಂದೂರಿನಲ್ಲಿ ಲೆಕ್ಕ ಎರಡು ಪಾಲು: ರಾಜ್ಯದ ಬೊಕ್ಕಸ ‘ದೌಲತ್’, ರಾಣಿಯ ಸ್ವಂತ ಉತ್ಪತ್ತಿ ‘ಖಾಸಗಿ’. ರಾಣಿ ಅಹಲ್ಯಾಬಾಯಿ ದೇಶದ ಉದ್ದಗಲ ಗುಡಿ, ಛತ್ರ, ಘಾಟುಗಳಿಗೆ ಕೊಟ್ಟ ಹಣದ ಜೊತೆಗೆ ಈ ಖಾಸಗಿಯ ಹೆಸರು ಇಂದಿಗೂ ಅಂಟಿಕೊಂಡಿದೆ. ಎರಡು ಪದಗಳಲ್ಲಿ ‘ದೌಲತ್’ ಕನ್ನಡದಲ್ಲಿ ಏನಾಯಿತೆಂದು ನೋಡಿ. ‘ಭಾಳ ದೌಲತ್ತು ಮಾಡ್ತಾನ’ ಅಂದರೆ ಸೊಕ್ಕು. ರಾಜ್ಯದ ಸಂಪತ್ತು ಸೊಕ್ಕಾಯಿತು, ರಾಣಿಯ ಸಂಪತ್ತು ಬಸ್ಸಾಯಿತು. ಪದಗಳಿಗೆ ಕೊನೆಗಾಲ ಹೇಗೆ ಬರುತ್ತದೋ ಹೇಳಲಾಗದು.

ಅರಸರ ಖಾಸಗಿ ಲೆಕ್ಕ ಬರೆಯಲು ಒಬ್ಬ ಬೇಕಿತ್ತು. ಪಾರಸಿಯ ‘ನವೀಸ್’ ಅಂದರೆ ಬರೆಯುವವ. ಚಿಟ್ಟಿ ಬರೆದವ ಚಿಟ್ನೀಸ, ಖಾಸ್ ಬರೆದವ ಖಾಸನೀಸ. ಆ ಹುದ್ದೆ ಹೋಗಿ ಅಡ್ಡಹೆಸರು ಉಳಿಯಿತು. ಕನ್ನಡದ ಸಣ್ಣಕತೆಗಾರ ರಾಘವೇಂದ್ರ ಖಾಸನೀಸರ ಹೆಸರಿನಲ್ಲಿ ಆ ಲೆಕ್ಕಣಿಕೆ ಈಗಲೂ ಇದೆ. ಮನುಷ್ಯರ ಒಳಮನೆಯ ಸಂಗತಿಗಳನ್ನೇ ಬರೆದ ಅವರಿಗೆ ಆ ಹೆಸರು ಒಪ್ಪಿದ್ದು ಬರೀ ಕಾಕತಾಳೀಯ, ಆದರೂ ಚೆಂದ. ಇಲ್ಲಿ ಗಮನಿಸಬೇಕಾದದ್ದು ಬೇರೆ. ಖಾಸಗಿ ಎಂಬುದು ಯಾರಿಗೂ ಗೊತ್ತಿಲ್ಲದ್ದು ಎಂದು ಎಂದೂ ಆಗಿರಲಿಲ್ಲ. ಅದನ್ನು ಬರೆಯುವವನಿದ್ದ, ಅವನಿಗೆ ಎಲ್ಲ ಗೊತ್ತಿತ್ತು. ಅವನು ಯಾರ ಮನುಷ್ಯ, ಯಾರಿಗೆ ಉತ್ತರ ಕೊಡಬೇಕಾದವ ಎಂಬುದು ಮಾತ್ರ ಖಚಿತವಾಗಿತ್ತು.

ಮೈಸೂರಿನಲ್ಲಿ ಪದ ಇನ್ನೊಂದು ಮಗ್ಗುಲು ಹೊರಳಿತು. 1971ರಲ್ಲಿ ಸಂವಿಧಾನದ 26ನೆಯ ತಿದ್ದುಪಡಿ ರಾಜಧನವನ್ನು ರದ್ದು ಮಾಡಿತು. ದಸರಾ ಸರಕಾರದ್ದಾಯಿತು, ಅಂಬಾರಿಯಲ್ಲಿ ಅರಸರ ಬದಲು ಚಾಮುಂಡೇಶ್ವರಿ ಕೂತಳು. ಅರಮನೆಯೊಳಗೆ ಒಡೆಯರ ಮನೆತನ ನಡೆಸುವುದು ‘ಖಾಸಗಿ ದರ್ಬಾರ್’. ದರ್ಬಾರು ಅಂದರೇ ಹತ್ತು ಮಂದಿಯ ಎದುರು ಕೂರುವುದು. ಅದು ಖಾಸಗಿಯಾಗುವುದು ಹೇಗೆ? ಸರಕಾರಿ ಅಲ್ಲದ್ದು ಎಂಬ ಅರ್ಥದಲ್ಲಿ ಮಾತ್ರ. ಅದರ ಫೋಟೊ ಮರುದಿನ ಎಲ್ಲ ಪತ್ರಿಕೆಗಳಲ್ಲಿ ಇರುತ್ತದೆ, ಯಾರಿಗೂ ವಿರೋಧಾಭಾಸವೆನಿಸುವುದಿಲ್ಲ. ಖಾಸಗಿ ಶಾಲೆ, ಖಾಸಗಿ ಆಸ್ಪತ್ರೆ, 1991ರ ನಂತರ ಅರಬ್ಬಿಯ ಬೇರಿಗೆ ಸಂಸ್ಕೃತದ ಬಾಲ ಕಟ್ಟಿದ ‘ಖಾಸಗೀಕರಣ’ ಎಲ್ಲ ಇದೇ ದಾರಿಯವು. ಒಂದು ತಲೆಮಾರಿನ ಕನ್ನಡಿಗರಿಗೆ ಖಾಸಗಿ ಅಂದರೆ ಫೀಸು.

ಆಮೇಲೆ ಕನ್ನಡದ್ದೇ ಪ್ರತ್ಯಯ ಬಂತು. ದೊಡ್ಡತನ, ಸಣ್ಣತನ, ಬಡತನದ ‘ತನ’ ಸೇರಿ ‘ಖಾಸಗಿತನ’. ಈ ಪದವನ್ನು ಪತ್ರಿಕೆಗಳ ಮುಖಪುಟಕ್ಕೆ ತಂದವರಲ್ಲಿ ಮೊದಲಿಗರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಎಂಬತ್ತರ ಗಡಿ ದಾಟಿದ ಮೇಲೆ, 2012ರಲ್ಲಿ, ಆಧಾರ್ ವಿರುದ್ಧ ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಿದರು. ಸಂವಿಧಾನದಲ್ಲಿ ಈ ಪದವೇ ಇಲ್ಲವಲ್ಲ, ಹಕ್ಕು ಎಲ್ಲಿಯದು ಎಂಬುದು ಸರಕಾರದ ವಾದ. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಹೇಳಿತು: ಬರೆದಿಲ್ಲವಾದರೂ ಬದುಕುವ ಹಕ್ಕಿನೊಳಗೇ ಅದು ಇದೆ. ಆ ಒಂಬತ್ತು ಮಂದಿಯಲ್ಲಿ ಮೂಡುಬಿದಿರೆ ಕಡೆಯ ಎಸ್. ಅಬ್ದುಲ್ ನಜೀರ್ ಕೂಡ ಇದ್ದರು. ಪುಟ್ಟಸ್ವಾಮಿ 2024ರ ಅಕ್ಟೋಬರಿನಲ್ಲಿ ತೀರಿಕೊಂಡರು. ಅರಸನಿಗೆ, ರಾಣಿಗೆ, ಬಸ್ಸಿನ ಮಾಲೀಕನಿಗೆ ಇದ್ದ ಖಾಸಗಿ ಕಾನೂನಿನ ಲೆಕ್ಕದಲ್ಲಿ ಕೂಲಿಯವಳಿಗೂ ಸಿಕ್ಕಿತು. ಈ ಸಲ ಪದದ ಎದುರಿಗೆ ನಿಂತದ್ದು ಸರಕಾರ. ಬಸ್ಸಿನ ಎದುರಿನ ‘ಸರಕಾರಿ’ಗಿಂತ ಇದು ಬೇರೆ ಬಗೆಯ ಎದುರು, ಇಲ್ಲಿ ಪೈಪೋಟಿಯಿಲ್ಲ, ತಡೆ ಇದೆ.

ಮೊಬೈಲಿನ ಮೆನುಗಳನ್ನು ಕನ್ನಡಕ್ಕೆ ತಂದವರು ಈ ಪದವನ್ನು ಹೆಚ್ಚು ಬಳಸಲಿಲ್ಲ. ಗೂಗಲ್‌ನ ಕನ್ನಡದಲ್ಲಿ ಕಾಣುವುದು ‘ಗೌಪ್ಯತೆ’. ಕನ್ನಡ ವಿಕಿಪೀಡಿಯ ಮಾತ್ರ ಪುಟದ ಬುಡದಲ್ಲಿ ‘ಖಾಸಗಿ ಮಾಹಿತಿ ಬಗ್ಗೆ ನಿಲುವು’ ಎಂದು ಬರೆದುಕೊಂಡಿತು. ನನ್ನ ಮತ ಖಾಸಗಿಯ ಕಡೆಗೆ, ಕಾರಣ ಹೇಳುತ್ತೇನೆ. ಮಂತ್ರಿಗಳು ಸ್ವೀಕರಿಸುವುದು ‘ಅಧಿಕಾರ ಮತ್ತು ಗೌಪ್ಯತೆ’ಯ ಪ್ರಮಾಣ. ಗುಪ್ತಚರ ಇಲಾಖೆ, ಗುಪ್ತ ಮತದಾನ, ಗೌಪ್ಯ ವರದಿ ಇವೆಲ್ಲ ಒಂದೇ ಬಳಗ. ಆಡಳಿತ ಮುಚ್ಚಿಡುವುದಕ್ಕೂ ಆಡಳಿತದಿಂದ ಪ್ರಜೆ ಉಳಿಸಿಕೊಳ್ಳುವುದಕ್ಕೂ ಒಂದೇ ಪದವಾದರೆ, ಉಳಿಸಿಕೊಳ್ಳುವವನೂ ಏನೋ ಬಚ್ಚಿಟ್ಟವನಂತೆ ಕಾಣುತ್ತಾನೆ. ‘ನಿನ್ಹತ್ರ ಮುಚ್ಚಿಡಾಕ ಏನೈತಿ?’ ಎಂಬ ಪ್ರಶ್ನೆ ಹುಟ್ಟುವುದೇ ಅಲ್ಲಿ. ಖಾಸ ಅಣ್ಣನನ್ನು ಯಾರೂ ಬಚ್ಚಿಟ್ಟಿರುವುದಿಲ್ಲ. ಅವನು ನಮ್ಮವ, ಅಷ್ಟೇ.

ಹಾಗೆಂದು ಗೌಪ್ಯದ ಬೇರನ್ನು ಹಳಿಯುವಂತಿಲ್ಲ. ಸಂಸ್ಕೃತದ ‘ಗುಪ್’ ಧಾತುವಿಗೆ ವೈಯಾಕರಣರು ಕೊಟ್ಟ ಅರ್ಥ ಮುಚ್ಚುವುದಲ್ಲ, ಕಾಯುವುದು. ಅದರ ಬೆನ್ನ ಹಿಂದೆ ಇರುವವನು ‘ಗೋಪ’, ದನ ಕಾಯುವವ, ಎಂದು ಭಾಷಾಶಾಸ್ತ್ರಜ್ಞರು ಗುರುತಿಸಿದ್ದಾರೆ. ದನ ಕಾಯುವುದರಿಂದ ಕಾಯುವುದು, ಕಾಯುವುದರಿಂದ ಅಡಗಿಸುವುದು ಹೀಗೆ ಅರ್ಥ ಸರಿದಿದೆ. ಎಲ್ಲರ ಪಾಪಪುಣ್ಯದ ಪ್ರೊಫೈಲು ಬರೆದಿಡುವ ಚಿತ್ರಗುಪ್ತನ ಹೆಸರಿನಲ್ಲೂ ಅದೇ ಧಾತು. ದನ ಕಾಯುವವನ ಮಾತು ಬಂತಲ್ಲ, ಗುಡೇಕೋಟೆಯ ಸುತ್ತ, ಕೂಡ್ಲಿಗಿಯಿಂದ ಮೊಳಕಾಲ್ಮೂರು, ಚಳ್ಳಕೆರೆಯವರೆಗೆ, ಮ್ಯಾಸನಾಯಕರು ದೇವರ ಎತ್ತುಗಳನ್ನು ಸಾಕುತ್ತಾರೆ. ಆ ಮಂದೆಗೆ ಒಬ್ಬ ಕಿಲಾರಿ. ಎತ್ತು ಅವನದಲ್ಲ. ಅದನ್ನು ಅವನು ನೊಗಕ್ಕೆ ಹೂಡುವಂತಿಲ್ಲ, ಮಾರುವಂತಿಲ್ಲ. ಬರಗಾಲದಲ್ಲಿ ಮೇವು ಹುಡುಕಿಕೊಂಡು ಅಲೆಯುವ ಹೊಣೆ ಮಾತ್ರ ಅವನದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ನಮ್ಮ ಮಾಹಿತಿ ಇಟ್ಟುಕೊಂಡ ಕಂಪನಿಯನ್ನೋ ಕಚೇರಿಯನ್ನೋ ‘ಡೇಟಾ ಫಿಡ್ಯುಷಿಯರಿ’ ಎಂದು ಕರೆದು, ಯಾವ ಕೆಲಸಕ್ಕೆಂದು ಪಡೆದಿರೋ ಅದಕ್ಕಷ್ಟೇ ಬಳಸಿ, ಕೆಲಸ ಮುಗಿದರೆ ಅಳಿಸಿ, ತಪ್ಪಿದ್ದರೆ ತಿದ್ದಿಕೊಡಿ ಎನ್ನುತ್ತದೆ. ಆ ಬಾಯಿಗೆ ಹೊರಳದ ಪದವನ್ನು ಈ ಸೀಮೆಯವರಿಗೆ ತಿಳಿಸಬೇಕಿದ್ದರೆ ಕಿಲಾರಿ ಎಂದರೆ ಸಾಕಿತ್ತು. ಕಾಯ್ದೆ ಸರಕಾರಕ್ಕೆ ಕೊಟ್ಟಿರುವ ವಿನಾಯಿತಿಗಳನ್ನು ನೋಡಿದರೆ ಕಿಲಾರಿಯೇ ನಾಚಿಕೊಂಡಾನು, ಅದು ಬೇರೆ ಮಾತು.

ಹಳ್ಳಿಯ ಮಾತಿನಲ್ಲಿ ಖಾಸಗಿ, ಗೌಪ್ಯ ಎಂಬ ಎರಡೂ ಪದಗಳಿಗಿಂತ ಹಳೆಯದು ‘ಗುಟ್ಟು’. ಸಂಸಾರ ಗುಟ್ಟು, ವ್ಯಾಧಿ ರಟ್ಟು ಎಂಬ ಗಾದೆಯನ್ನು ನಾವು ಬರೀ ಗುಟ್ಟಿನ ಉಪದೇಶವೆಂದು ಓದುತ್ತೇವೆ. ಅದು ಹೇಳುವುದು ಅದಕ್ಕಿಂತ ಸೂಕ್ಷ್ಮ. ಎಲ್ಲ ಮಾಹಿತಿಗೂ ಒಂದೇ ನಿಯಮವಿಲ್ಲ. ಮನೆಯೊಳಗಿನ ಜಗಳ ಹೊರಗೆ ಹೋದರೆ ಹಾಳು, ರೋಗ ಹೊರಗೆ ಹೇಳದಿದ್ದರೆ ಹಾಳು. ಹೇಳಿದರೆ ಯಾರಾದರೂ ಒಂದು ಬೇರು ಕೊಟ್ಟಾರು. ಯಾವುದು ಯಾರಿಗೆ ತಿಳಿಯಬೇಕು ಎಂಬುದನ್ನು ಪ್ರಯೋಜನ ನೋಡಿ ತೀರ್ಮಾನಿಸು ಎನ್ನುವುದು ಗಾದೆಯ ಬುದ್ಧಿ. ತಂತ್ರಾಂಶಗಳು ಬಹುಕಾಲ ಇಷ್ಟನ್ನೂ ಕಲಿತಿರಲಿಲ್ಲ. ತೆರೆ, ಮುಚ್ಚು ಎಂಬ ಎರಡೇ ಗುಂಡಿ. ಈಗ ವಾಟ್ಸಾಪಿನಲ್ಲಿ ನಿಮ್ಮ ಫೋಟೊ ಎಲ್ಲರಿಗೋ, ಪರಿಚಯದವರಿಗೋ, ಯಾರಿಗೂ ಬೇಡವೋ ಎಂದು ಕೇಳುತ್ತದೆ. ಆಮ್ ಮತ್ತು ಖಾಸ್ ಮತ್ತೆ ಜೋಡಿಯಾಗಿ ಬಂದಿವೆ ಅನ್ನಬಹುದು, ಜರಡಿ ಸ್ವಲ್ಪ ಸಣ್ಣದಾಗಿದೆ.

ಆದರೆ ಆ ಗುಂಡಿ ಇರುವುದು ಒಬ್ಬರಿಗೆ ಒಂದು ಫೋನು ಎಂದು ನಂಬಿದವರ ಲೋಕದಲ್ಲಿ. 2023ರಲ್ಲಿ ಗೃಹಲಕ್ಷ್ಮಿ ನೋಂದಣಿ ನಡೆದಾಗ ರಾಜ್ಯದ ಹಳ್ಳಿಹಳ್ಳಿಯ ಸೇವಾ ಕೇಂದ್ರಗಳ ಮುಂದೆ ಸಾಲು. ತಿಂಗಳಿಗೆ 2,000 ರೂಪಾಯಿ ಬರಬೇಕಾದರೆ ರೇಷನ್ ಕಾರ್ಡು, ಆಧಾರ್, ಫೋನು ಬೇಕು. ಫೋನು ಮಗನದು, ಮಗ ಬೆಂಗಳೂರಿನಲ್ಲಿ. ‘ಓಟಿಪಿ ಬಂತೇನು ನೋಡಪ್ಪ’ ಎಂದು ಇಲ್ಲಿಂದ ಕೂಗಿ, ಅವನು ಅಲ್ಲಿಂದ ಹೇಳಿದ ಸಂಖ್ಯೆಯನ್ನು ಸಾಲಿನಲ್ಲಿದ್ದವರೆಲ್ಲ ಕೇಳುವಂತೆ ಒಪ್ಪಿಸುವುದು. ಈ ಹೊತ್ತಿನಲ್ಲಿ ‘ಸಮ್ಮತಿ’ ಅನ್ನುವ ಕಾನೂನಿನ ಪದ ಏನು ಅರ್ಥ ಕೊಡುತ್ತದೋ. ‘ಬಳಕೆದಾರ’ ಎಂಬ ಪದವೂ ಅಷ್ಟೇ. ಜಮೀನ್ದಾರ ಜಮೀನು ಹಿಡಿದವ, ಪಟ್ಟೇದಾರ ಪಟ್ಟಾ ಹಿಡಿದವ. ಪಾರಸಿಯ ‘ದಾರ್’ ಅಂದರೆ ಹಿಡಿದುಕೊಂಡವ. ಬಳಕೆದಾರ ಹಿಡಿದುಕೊಂಡದ್ದು ಏನನ್ನು? ಸಾಲನ್ನು.

ಕರ್ನಾಟಕ ಸರಕಾರದ ಇ-ಆಡಳಿತ ಇಲಾಖೆ ಒಂದು ದತ್ತಸಂಚಯ ಕಟ್ಟಿದೆ, ಹೆಸರು ‘ಕುಟುಂಬ’. ರೇಷನ್ ಕಾರ್ಡಿನ ಸಂಖ್ಯೆಯೇ ಮನೆತನದ ಗುರುತು. ಪಿಂಚಣಿ, ವಿದ್ಯಾರ್ಥಿವೇತನದಂಥ ಯೋಜನೆಗಳಿಗೆ ಯಾರು ಅರ್ಹರೆಂದು ಇಲಾಖೆಗಳು ಅದರಲ್ಲಿ ನೋಡಿಕೊಳ್ಳುತ್ತವೆ. ಒಂದೇ ಕಾಗದವನ್ನು ಹತ್ತು ಕಡೆ ಜೆರಾಕ್ಸ್ ಮಾಡಿಸಿ ಕೊಡುವ ಪಾಡು ತಪ್ಪಿತು, ಅದು ಸಣ್ಣ ಉಪಕಾರವಲ್ಲ. ಹೆಸರು ಇಟ್ಟವರ ಜಾಣತನಕ್ಕೆ ಮಾತ್ರ ತಲೆದೂಗಬೇಕು. ಖಾಸ ಎಂಬ ಪದ ಈ ಸೀಮೆಯಲ್ಲಿ ಉಳಿದದ್ದೇ ಕುಟುಂಬದೊಳಗೆ. ಈಗ ಕುಟುಂಬ ಎಂಬುದೇ ಹತ್ತು ಕಚೇರಿಗಳ ನಡುವಿನ ಹಂಚಿಕೆಯ ಹೆಸರು.

2025ರ ಸೆಪ್ಟೆಂಬರ್ 22ರಂದು ಹಿಂದುಳಿದ ವರ್ಗಗಳ ಆಯೋಗದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ಶುರುವಾದಾಗ ಈ ಪದಗಳೆಲ್ಲ ಒಮ್ಮೆಗೇ ಬಾಗಿಲಿಗೆ ಬಂದವು. ಮೇಷ್ಟರ ಕೈಯಲ್ಲಿ ಆ್ಯಪ್, ಅದರಲ್ಲಿ 60 ಪ್ರಶ್ನೆ, ಬಾಗಿಲಿಗೆ ಮನೆಯ ಗುರುತಿನ ಚೀಟಿ. ನೆಟ್‌ವರ್ಕ್ ಸಿಗದ ಕಡೆ ಮೇಷ್ಟರು ಗುಡ್ಡ ಹತ್ತಿದ್ದೂ ಆಯಿತು. ಮೂರು ದಿನಕ್ಕೆ ಹೈಕೋರ್ಟ್ ಮಧ್ಯಂತರ ಆದೇಶ ಕೊಟ್ಟಿತು: ಸಮೀಕ್ಷೆ ನಡೆಯಲಿ, ಆದರೆ ಉತ್ತರ ಕೊಡುವುದು ಜನರ ಇಚ್ಛೆ, ಪಡೆದ ಮಾಹಿತಿ ಆಯೋಗದ ಹೊರಗೆ ಹೋಗಕೂಡದು. ಆಸ್ತಿ ಎಷ್ಟು, ಸಾಲ ಎಷ್ಟು ಎಂಬ ಪ್ರಶ್ನೆಗೆ ಜನ ‘ಇದೆಲ್ಲ ಯಾಕ ಬೇಕು ಸರ?’ ಎಂದು ತಿರುಗಿ ಕೇಳಿದರು. ಖಾಸಗಿತನ ಎಂಬ ಪದ ಬಳಸದೆಯೂ ಆ ಹಕ್ಕು ಚಲಾಯಿಸಬಹುದು, ಒಂದು ‘ಯಾಕ’ ಸಾಕು.

ಹಂಚಿಕೊಂಡು ಬರೆಯುವ ತಂತ್ರಾಂಶದಲ್ಲಿ ಇನ್ನೊಂದು ತೊಡಕಿದೆ, ಅದನ್ನು ತೋರಿಸಲು ವಿಕಿಪೀಡಿಯ ಒಳ್ಳೆಯ ಉದಾಹರಣೆ. ಕನ್ನಡ ವಿಕಿಪೀಡಿಯ 2003ರದು. ಅಲ್ಲಿ ಖಾತೆ ತೆರೆದವನನ್ನು ‘ಸದಸ್ಯ’ ಎನ್ನುತ್ತಾರೆ; ಬಳಕೆದಾರನಿಗಿಂತ ಸಾವಿರ ಪಾಲು ಮೇಲಾದ ಪದ. ಆದರೆ ಸದಸ್ಯನಾದವನು ಖಾತೆ ಅಳಿಸಿ ಹೋಗಲಾರ. ಅವನು ಸೇರಿಸಿದ ಪ್ರತಿ ಸಾಲಿನ ಮುಂದೆ ಹೆಸರು, ದಿನ, ಗಳಿಗೆ ಇತಿಹಾಸದ ಪುಟದಲ್ಲಿ ಉಳಿಯುತ್ತವೆ; ಬರೆದವರ ಹೆಸರು ಉಳಿಸಬೇಕೆಂಬುದು ಅದರ ಪರವಾನಗಿಯ ಕರಾರು. ಬೇಕೆಂದರೆ ಹೆಸರು ಬದಲಿಸಿಕೊಂಡು ಮರೆಯಾಗಬಹುದು, ಅಷ್ಟೇ. ಖಾತೆಯಿಲ್ಲದೆ ತಿದ್ದಿದವರ ಐಪಿ ವಿಳಾಸ ಬಹಳ ವರ್ಷ ಎಲ್ಲರಿಗೂ ಕಾಣುತ್ತಿತ್ತು. ಹೆಸರು ಕೊಡದವನೇ ಹೆಚ್ಚು ಬಯಲಾಗುತ್ತಿದ್ದ. ಈಚೆಗೆ ಅದರ ಜಾಗದಲ್ಲಿ ತಾತ್ಕಾಲಿಕ ಹೆಸರು ಬಂದಿದೆ, ಐಪಿಯನ್ನು ನಂಬಿಕೆಯ ಕೆಲವರು ಮಾತ್ರ ನೋಡಬಲ್ಲರು. ಆ ಕೆಲವರನ್ನು ಹಳೆಯ ಅರ್ಥದಲ್ಲಿ ಖಾಸನೀಸರು ಅನ್ನಲು ಅಡ್ಡಿಯಿಲ್ಲ. ಕೂಡಿ ಮಾಡಿದ ಕೆಲಸದಲ್ಲಿ ನನ್ನ ಹೆಸರು ಪೂರ್ತಿ ನನ್ನದಲ್ಲ, ಓದುವವನಿಗೂ ಅದರಲ್ಲಿ ಪಾಲಿದೆ: ಇದನ್ನು ಯಾರು ಬರೆದರು ಎಂದು ಕೇಳುವ ಪಾಲು.

ಊರಿನ ಲೆಕ್ಕವೂ ಕೂಡಿ ಮಾಡಿದ ಕೆಲಸವೇ. 2000ದ ಸುಮಾರಿಗೆ ಜಮೀನು ದಾಖಲೆಯ ‘ಭೂಮಿ’ ತಂತ್ರಾಂಶ ಬಂದ ಮೇಲೆ ಪಹಣಿ ಶಾನುಭೋಗರ ಪೆಟ್ಟಿಗೆಯ ವಾರಸುದಾರರ ಕೈಯಿಂದ ಹೊರಬಂತು. ಒಂದು ಪಹಣಿಗೆ ಹತ್ತು ಸಲ ಅಲೆದವರಿಗೆ ಅದರ ಬೆಲೆ ಗೊತ್ತು. ಈಗ ಸರ್ವೆ ನಂಬರು ಹಾಕಿದರೆ ಯಾರ ಪಹಣಿಯನ್ನು ಯಾರು ಬೇಕಾದರೂ ಎಲ್ಲಿಂದ ಬೇಕಾದರೂ ನೋಡಬಹುದು. ಕಾಲಂ 9ರಲ್ಲಿ ಮಾಲೀಕನ ಹೆಸರು, ಕಾಲಂ 11ರಲ್ಲಿ ಋಣ, ಅಂದರೆ ಹೊಲದ ಮೇಲೆ ಬ್ಯಾಂಕಿನಿಂದ ತೆಗೆದ ಸಾಲ. ಹೊಲ ಕೊಳ್ಳುವವನಿಗೆ 11 ಕಾಣಲೇಬೇಕು, ಇಲ್ಲದಿದ್ದರೆ ಮೋಸಹೋದಾನು. ಹೆಣ್ಣು ಕೊಡುವ ಮಾತಿಗೆ ಬಂದ ಬೀಗರಿಗೂ ಅದು ಕಾಣುತ್ತದೆ.

ಉದ್ಯೋಗ ಖಾತ್ರಿಯಲ್ಲೂ ಹೀಗೇ. ಯಾರು ಎಷ್ಟು ದಿನ ದುಡಿದರು, ಎಷ್ಟು ಕೂಲಿ ಹೋಯಿತು ಎಂಬುದನ್ನು ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಿದ್ದರಿಂದಲೇ ಸತ್ತವರ ಹೆಸರಿನಲ್ಲಿ ಎತ್ತಿದ ದುಡ್ಡು ಬಯಲಾದದ್ದು. ಆ ಓದು ಆಮ್ ಆಗಿರಲೇಬೇಕು. ಅದರ ಜೊತೆಗೆ ಏನೇನು ಹೊರಗೆ ಹರಿಯಿತು ಎಂಬುದು ಬೇರೆ ಕತೆ. ಬೆಂಗಳೂರಿನ ಸೆಂಟರ್ ಫಾರ್ ಇಂಟರ್ನೆಟ್ ಅಂಡ್ ಸೊಸೈಟಿ 2017ರ ಮೇ ತಿಂಗಳಲ್ಲಿ ತೋರಿಸಿದಂತೆ, ಉದ್ಯೋಗ ಖಾತ್ರಿ, ಪಿಂಚಣಿಯಂಥ ಬರೀ ನಾಲ್ಕು ಸರಕಾರಿ ತಾಣಗಳಿಂದ ಸುಮಾರು 13 ಕೋಟಿ ಆಧಾರ್ ಸಂಖ್ಯೆ, ಸುಮಾರು 10 ಕೋಟಿ ಬ್ಯಾಂಕ್ ಖಾತೆ ಸಂಖ್ಯೆ ಹೊರಬಿದ್ದಿರುವ ಅಂದಾಜಿತ್ತು. 2023ರ ಜನವರಿ 1ರಿಂದ ಕೆಲಸದ ಜಾಗದಲ್ಲಿ ದಿನಕ್ಕೆ ಎರಡು ಸಲ ಕೂಲಿಯವರ ಫೋಟೊ ತೆಗೆದು ಜಾಗದ ಗುರುತಿನ ಸಮೇತ ಆ್ಯಪಿಗೆ ಹಾಕುವುದು ಕಡ್ಡಾಯವಾಯಿತು. ಬಿಸಿಲಿನಲ್ಲಿ ಸೆರಗು ತಲೆಗೆ ಹೊದ್ದು ನಿಂತ ಹೆಂಗಸರ ಆ ಫೋಟೊಗಳು ತಾಣದಲ್ಲಿ ಯಾರಿಗಾದರೂ ಸಿಗುತ್ತಿದ್ದವು.

ಇನ್ನೊಂದು ಕಡೆ, ಅದೇ 2023ರ ದತ್ತಾಂಶ ಕಾಯ್ದೆಯ 44(3)ನೆಯ ಕಲಮು ಮಾಹಿತಿ ಹಕ್ಕು ಕಾಯ್ದೆಯ 8(1)(ಜೆ)ಯನ್ನು ಮೊಟಕು ಮಾಡಿತು. ಮೊದಲು, ಸಾರ್ವಜನಿಕ ಕೆಲಸಕ್ಕೆ ಸಂಬಂಧವಿಲ್ಲದ, ಇಲ್ಲವೇ ಖಾಸಗಿತನಕ್ಕೆ ವಿನಾಕಾರಣ ಧಕ್ಕೆ ತರುವ ವೈಯಕ್ತಿಕ ಮಾಹಿತಿಯನ್ನು ಮಾತ್ರ ನಿರಾಕರಿಸಬಹುದಿತ್ತು. ಶಾಸನಸಭೆಗೆ ನಿರಾಕರಿಸಲಾಗದ್ದನ್ನು ಪ್ರಜೆಗೂ ನಿರಾಕರಿಸುವಂತಿಲ್ಲ ಎಂಬ ಸಾಲೂ ಇತ್ತು. ಆ ಮಾತೆಲ್ಲ ತೆಗೆದು, ವೈಯಕ್ತಿಕ ಮಾಹಿತಿ ಎಂದರೆ ಮುಗಿಯಿತು ಎಂಬಂತೆ ಮಾಡಿದ್ದಾರೆ. ಹೆಚ್ಚಿನ ಸಾರ್ವಜನಿಕ ಹಿತವಿದ್ದರೆ ಕೊಡಬಹುದೆಂಬ 8(2) ಉಳಿದಿದೆ ನಿಜ, ಆದರೆ ಆ ಹಿತವನ್ನು ವಾದಿಸಿ ಗೆಲ್ಲುವ ಹೊರೆ ಕೇಳಿದವನ ಹೆಗಲಿಗೆ ಬಂತು. ಮಾಹಿತಿ ಹಕ್ಕಿನ ಕಾರ್ಯಕರ್ತರು ಇದನ್ನು ವಿರೋಧಿಸುತ್ತಿರುವುದು ಸುಮ್ಮನೆ ಅಲ್ಲ. ಚೆಕ್‌ಡ್ಯಾಮಿನ ಬಿಲ್ಲು ಯಾರ ಹೆಸರಿಗೆ ಹೋಯಿತು ಎಂದು ಕೇಳಿದವನಿಗೆ ‘ಖಾಸಗಿ ಮಾಹಿತಿ, ಕೊಡಲು ಬರುವುದಿಲ್ಲ’ ಎಂಬ ಉತ್ತರ ಬರೆಯುವುದು ಇನ್ನು ಸುಲಭ. ಅದೇ ಚೆಕ್‌ಡ್ಯಾಮಿನಲ್ಲಿ ಬುಟ್ಟಿ ಹೊತ್ತವಳ ಮುಖ ಮಾತ್ರ ಇಂಟರ್ನೆಟ್ಟಿನಲ್ಲಿ.

ಗ್ರಾಮಸಭೆಯಲ್ಲಿ ಕೂಲಿಪಟ್ಟಿ ಮುಂದಿಟ್ಟುಕೊಂಡು ಒಂದೊಂದೇ ಕಾಲಂ ನೋಡಿದರೆ ಇದು ಬಿಡಿಸಲಾಗದ ಗಂಟೇನಲ್ಲ. ಹೆಸರು, ಕೆಲಸದ ದಿನ, ಹೋದ ಹಣ ಓದಬೇಕು. ಖಾತೆ ಸಂಖ್ಯೆ, ಫೋನು, ಆಧಾರ್ ಓದಬೇಕಿಲ್ಲ. ಗುತ್ತಿಗೆದಾರನ ಹೆಸರು, ಬಿಲ್ಲಿನ ಮೊತ್ತ ಓದಬೇಕು. ಅವನ ಮನೆಯವರ ಆಸ್ಪತ್ರೆ ಖರ್ಚು ಓದಬೇಕಿಲ್ಲ. ಫೋಟೊ ಎಂಜಿನಿಯರ್ ನೋಡಿದರೆ ಸಾಕು, ಕೂಲಿ ಜಮೆಯಾದ ಮೇಲೆ ಅಳಿಸಬಹುದು. ಕಾಲಂ ಕಾಲಂಗೆ ಬೀಗ ಹಾಕುವ ಅನುಕೂಲ ಇಂಥ ತಂತ್ರಾಂಶಗಳಲ್ಲಿ ಸಾಮಾನ್ಯವಾಗಿ ಇರುತ್ತದೆ. ಯಾವ ಕಾಲಮಿಗೆ ಹಾಕಬೇಕೆಂದು ಪಟ್ಟಿಯಲ್ಲಿ ಹೆಸರಿರುವವರನ್ನು ಇನ್ನೂ ಯಾರೂ ಕೇಳಿಲ್ಲ.